ಪನೀರ್ ಯಂತ್ರದ ಸಂದು

ಜನಕಪುರಿ, ದೆಹಲಿ,
೧೮ ಫೆಬ್ರವರಿ ೨೦೨೫

ಮಗಳೇ ಗಾನವಿ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ಮಾತು ಜಗಳಕ್ಕೇ ಇಳಿಯುತ್ತದೆ. ಅನೀಶನನ್ನು ಮದುವೆಯಾಗಿ ನೀನು ರೋಹಿಣಿ ಬಡಾವಣೆಗೆ ಹೋದಾಗಿನಿಂದ ನಮ್ಮದು ಇದೇ ಪಾಡು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕೆಲಸ ಹೋಯಿತು. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ತಿಳಿಯಲಿ.

ಬಹಾದುರ್‌ಗಢದ ನಮ್ಮ ಪನೀರ್ ಕಾರ್ಖಾನೆಗೆ ಹೊಸ ಸೋಂಕುನಾಶಕ ತರಿಸಿದ್ದರು. ಅದು ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಎಂದು ಲ್ಯಾಬಿನಲ್ಲಿ ಪರೀಕ್ಷಿಸುವುದು ನನ್ನ ಪಾಲಿಗೆ ಬಂತು. ಫ್ರಿಜ್ಜಿನ ಥಂಡಿಯಲ್ಲೂ ಬೆಳೆಯುವ ಹಟಮಾರಿ ಅದು. ಟೆಸ್ಟ್ ಟ್ಯೂಬಿನಲ್ಲಿ ಔಷಧಿ ಬೆರೆಸಿದೆ, ಎಲ್ಲಾ ಸತ್ತವು. ಮ್ಯಾನೇಜರ್ ಕಿಶನ್ ಖುಷಿಯಾದರು. ಆದರೆ ಪನೀರ್ ಕತ್ತರಿಸುವ ಯಂತ್ರವನ್ನು ಅದೇ ಔಷಧಿಯಿಂದ ತೊಳೆಸಿ, ಅದರ ಸಂದನ್ನು ಹತ್ತಿ ಕಡ್ಡಿಯಿಂದ ಒರೆಸಿ ತಂದು ಬೆಳೆಸಿ ನೋಡಿದರೆ, ಜೀವಂತ. ಹಾಲಿನ ಜಿಡ್ಡಿನ ಅಡಿಗೆ ಔಷಧಿ ಇಳಿಯುತ್ತಲೇ ಇರಲಿಲ್ಲ. ಇನ್ನೊಮ್ಮೆ ಮಾಡಿದೆ. ಮತ್ತೂ ಒಮ್ಮೆ. ನಿಂತು ನಿಂತು ಕಾಲು ಬಾತುಕೊಂಡವು.

ಟ್ಯೂಬಿನ ಫಲಿತಾಂಶವನ್ನಷ್ಟೇ ಬರೆದು ಸಹಿ ಹಾಕಿ ಎಂದರು ಕಿಶನ್. ಮದುವೆಗಳ ಕಾಲ, ಮಾಲು ನಿಲ್ಲಿಸಿದರೆ ಮಾಲೀಕರು ತನ್ನನ್ನು ಉಳಿಸುವುದಿಲ್ಲ ಎಂದರು. ಕೆಟ್ಟವರಲ್ಲ ಅವರು, ಹೆದರಿದ್ದರು.

"ಜನ ಟ್ಯೂಬಿನಲ್ಲಿರೋದನ್ನ ತಿನ್ನಲ್ಲ ಸರ್, ಯಂತ್ರದಿಂದ ಬಂದದ್ದನ್ನ ತಿಂತಾರೆ," ಎಂದೆ.

ಸಹಿ ಹಾಕಲಿಲ್ಲ. ಮಾಲೀಕರ ಕೋಣೆಗೆ ನಾನೇ ಹೋಗಿ ಹೇಳಿದೆ. ಅವರು ನನ್ನ ಮೂರೂ ಪರೀಕ್ಷೆಗಳ ಹಾಳೆ ತರಿಸಿ ನೋಡಿದರು. ಕೊನೆಗೆ ಯಂತ್ರ ಬಿಚ್ಚಿಸಿದರು. ಒಳಗಿನ ರಬ್ಬರ್ ಪಟ್ಟಿ ಸೀಳಿತ್ತು. ಸೀಳಿನ ತುಂಬ ಹಳದಿ ಜಿಡ್ಡು, ಕಮಟು ವಾಸನೆ. ಪಟ್ಟಿ ಬದಲಿಸಿ, ಮೊದಲು ಜಿಡ್ಡು ತೊಳೆದು, ಆಮೇಲೆ ಸೋಂಕುನಾಶಕ ಹಾಕಿಸಿದ ಮೇಲೆ ನನ್ನ ಪರೀಕ್ಷೆಯಲ್ಲಿ ಏನೂ ಬೆಳೆಯಲಿಲ್ಲ. ಹೊರಡಲು ಸಿದ್ಧವಿದ್ದ ಮಾಲನ್ನೆಲ್ಲ ಹೂಳಿಸಿದರು.

ಮರುವಾರ ಮಾಲೀಕರು ಕರೆದು, ಹೂಳಿಸಿದ ಮಾಲಿನ ನಷ್ಟದ ಲೆಕ್ಕ ಹೇಳಿ, ನನ್ನ ಗುತ್ತಿಗೆ ಮುಂದುವರಿಸುವುದಿಲ್ಲ ಎಂದರು. ವಾದಿಸುವ ಶಕ್ತಿ ಇರಲಿಲ್ಲ. ಬಿಳಿ ಕೋಟು ಮಡಚಿಟ್ಟು ಮೆಟ್ರೋ ಹತ್ತಿದವಳು, ಕೂತಲ್ಲೇ ನಿದ್ದೆಹೋಗಿ ಇಳಿಯಬೇಕಾದ ಸ್ಟೇಷನ್ ದಾಟಿಬಿಟ್ಟೆ. ಈಗ ಹಗಲೆಲ್ಲ ಮಲಗಿರುತ್ತೇನೆ. ಸಿಟ್ಟೂ ಇಲ್ಲ, ಹೆಮ್ಮೆಯೂ ಇಲ್ಲ. ಸುಸ್ತು, ಅಷ್ಟೇ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಪನೀರನ್ನು ಹಸಿಯಾಗಿ ಬಾಯಿಗೆ ಹಾಕಿಕೊಳ್ಳುವ ಚಾಳಿ ಬಿಡು.

ನಿನ್ನ ಅಮ್ಮ,
ಜಲಜಾ

ತಾ.ಕ.: ಕಿಶನ್ ಸಹಿ ಕೇಳಿದ ದಿನ ಬೆಳಗ್ಗೆ ಅನೀಶ್ ಫೋನ್ ಮಾಡಿದ್ದ. ನೀನು ಬಸುರಿ ಎಂದ. ನನಗೆ ಹೇಳಬೇಡ ಅಂದಿದ್ದೆಯಂತೆ. ಹೊಟ್ಟೆಯೊಳಗಿನ ಕೂಸನ್ನೇ ತೆಗೆಯಬಲ್ಲ ಬ್ಯಾಕ್ಟೀರಿಯಾ ಅದು. ಆ ಫೋನ್ ಬರದಿದ್ದರೆ, ನನಗಿದ್ದ ಸುಸ್ತಿಗೆ ಸಹಿ ಹಾಕಿಬಿಡುತ್ತಿದ್ದೆನೋ ಏನೋ. ಅವನನ್ನು ಬೈಯಬೇಡ. ಕನ್ನಡ ಓದಲು ನೀನು ತಡವರಿಸುತ್ತೀ, ಇದನ್ನು ಅವನ ಕೈಲೇ ಓದಿಸಿಕೋ.