ಅಣ್ಣನ ಸೀಸೆ

ಅಣ್ಣಾ,

ನೀನು ಕೊಟ್ಟ ರಕ್ತದ ಬಿಳಿ ಕಣಗಳಿಗೆ ವೈರಸ್ ಸೇರಿಸಿದ್ದೆವಲ್ಲ, ಅವೀಗ ಸಾಯುವುದನ್ನೇ ಮರೆತು ಲ್ಯಾಬಿನ ಸೀಸೆಯಲ್ಲಿ ಬೆಳೆಯುತ್ತಿವೆ. ಸಿಗರೇಟಿನ ಹೊಗೆಯನ್ನು ಮೈಯೊಳಗೆ ವಿಷವಾಗಿಸುವ ಕಿಣ್ವವೊಂದಿದೆ. ಆ ಹೊಗೆಯ ರಾಸಾಯನಿಕ ಒಂದು ಹನಿ ಹಾಕಿದರೆ ಸಾಕು, ರಕ್ತ ಕೊಟ್ಟ ಹತ್ತು ಜನರಲ್ಲಿ ನಿನ್ನ ಕಣಗಳಲ್ಲೇ ಆ ಕಿಣ್ವ ಅತಿ ಹೆಚ್ಚು ಉಕ್ಕುತ್ತದೆ. ನಂಬದೆ ಮೂರು ಸಲ ಮಾಡಿ ನೋಡಿದೆ. ಸೀಸೆ ಅದಲುಬದಲು ಮಾಡಿದ್ದಾಳೆಂದು ಪಕ್ಕದ ಮೇಜಿನವಳ ಮೇಲೆ ಸುಮ್ಮಸುಮ್ಮನೆ ರೇಗಾಡಿದೆ.

“ದಿನಕ್ಕೆರಡು ಸೇದಿದ್ರೆ ಏನಾಗತ್ತೆ, ಬಿಡೇ” ಅಂತೀಯಲ್ಲ, ನಿನಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ಜೇಬಿನ ಪ್ಯಾಕೆಟ್ಟನ್ನು ಈಗಲೇ ಅತ್ತಿಗೆ ಕೈಗೆ ಕೊಡು. ಸೋಮವಾರ ಎದೆಯ ಎಕ್ಸ್-ರೇ ತೆಗೆಸು.

ನಿನ್ನ ಈ ಕಣಗಳೇನೋ ನೀನಿಲ್ಲದಿದ್ದರೂ ಇರುತ್ತವೆ. ಆದರೆ ನಾನೆಷ್ಟು ಬೈದರೂ ಅವು ತಿರುಗಿ ಬೈಯುವುದಿಲ್ಲ.

ನಿನ್ನ ತಂಗಿ