ಏಳು ಗಂಟೆಯ ಅತ್ತೆ ಎಲ್ಲಿ ಹೋದರು, ಒಂದು ಮಾತು ಹೇಳಿ

ಟಿವಿ ವಾಹಿನಿಯ ಕಾರ್ಯಕ್ರಮ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಏಳು ಗಂಟೆಯ ಧಾರಾವಾಹಿಯ ಹೊಸ ಅಧ್ಯಾಯದಲ್ಲಿ ಅತ್ತೆಯನ್ನು ಬದಲಾಯಿಸಿದ್ದೀರಿ. ಬದಲಾಯಿಸಿ ನಮ್ಮ ಮನೆಯವಳಿಗೆ ಒಂದು ಮಾತೂ ಹೇಳಲಿಲ್ಲ. ಬರೆದು ತೋರಿಸಿದ್ದೇವಲ್ಲ ಎನ್ನುತ್ತೀರಿ. ಹೌದು, 'ಈ ಪಾತ್ರವನ್ನು ಇನ್ನು ಮುಂದೆ ಬೇರೆ ಕಲಾವಿದೆ ನಿರ್ವಹಿಸಲಿದ್ದಾರೆ' ಎಂಬ ಸಾಲು ಪರದೆಯ ಮೇಲೆ ಬಂತಂತೆ, ಹಿಂದೆ ಕೊಳಲು ಊದಿಸಿದ್ದಿರಂತೆ. ನನ್ನ ಹೆಂಡತಿ ಆ ಕೊಳಲನ್ನು ಪೂರ್ತಿ ಕೇಳಿದ್ದಾಳೆ. ಸಾಲು ಓದುವುದು ಮಾತ್ರ ಆಗಲಿಲ್ಲ, ಏಕೆಂದರೆ ಅವಳಿಗೆ ಕಣ್ಣು ಕಾಣುವುದಿಲ್ಲ. ನಿಮ್ಮ ವಾಹಿನಿಯ ಅತ್ಯಂತ ನಿಷ್ಠಾವಂತ ವೀಕ್ಷಕಿ ಏನನ್ನೂ ವೀಕ್ಷಿಸುವುದಿಲ್ಲ, ಕೇಳುತ್ತಾಳೆ. ಇದೇ ನನ್ನ ದೂರು. ಉಳಿದದ್ದು ವಿವರಣೆ. ಸ್ವಲ್ಪ ಉದ್ದವಾದೀತು. ಒಂದು ಬಾಗಿಲು ತೆಗೆಯುವುದನ್ನು ಮೂರು ಕಡೆಯಿಂದ ತೋರಿಸುವ ತಮಗೆ ಉದ್ದದ ವಿಷಯದಲ್ಲಿ ಬೇಸರ ಇರಲಾರದು.

ಹೊಸ ಕಾರ್ಯಕ್ರಮಗಳನ್ನೆಲ್ಲ ಬೈಯುವವನು ಎಂದುಕೊಳ್ಳಬೇಡಿ, ಒಂದೊಂದಾಗಿ ಬೈಯುತ್ತೇನೆ. ನಿಮ್ಮ ಹಾಡಿನ ಸ್ಪರ್ಧೆಯಲ್ಲಿ ಹಾಡೊಂದು ಬಿಟ್ಟು ಎಲ್ಲ ಇದೆ. ಹಾಡುವ ಹುಡುಗಿ ಬಾಯಿ ತೆರೆಯುವ ಮೊದಲೇ ಅವಳ ಮನೆಯ ಸೋರುವ ಮಾಡು, ಅಪ್ಪನ ಊರುಗೋಲು, ತೀರ್ಪುಗಾರರ ಕರವಸ್ತ್ರ. ಸ್ವರ ಶುರುವಾಗುವಷ್ಟರಲ್ಲಿ ಜಾಹೀರಾತು, ಜಾಹೀರಾತು ಮುಗಿಯುವಷ್ಟರಲ್ಲಿ ರಾತ್ರಿ. ನಗೆ ಕಾರ್ಯಕ್ರಮದಲ್ಲಿ ನಗುವ ಕೆಲಸವನ್ನೂ ನೀವೇ ವಹಿಸಿಕೊಂಡಿದ್ದೀರಿ. ಡಬ್ಬಿಯಲ್ಲಿ ತುಂಬಿಟ್ಟ ನಗುವನ್ನು ಮಾತಿಗೊಂದು ಚಮಚದಂತೆ ಸುರಿಯುತ್ತೀರಿ. 'ಇವರು ಹೋದ ವರ್ಷವೂ ಇಷ್ಟೇ ನಕ್ಕಿದ್ರು, ಅದೇ ಕೆಮ್ಮು ಕೂಡ ಇದೆ' ಎಂದಳು ನಮ್ಮ ಮನೆಯವಳು. ನಾನು ಕಿವಿಗೊಟ್ಟು ಕೇಳಿದೆ. ಹೌದು, ಸ್ವಾಮಿ, ಅದೇ ಕೆಮ್ಮು. ಹೋದ ವರ್ಷದಿಂದ ಆ ಮನುಷ್ಯನಿಗೆ ಯಾರೂ ಔಷಧಿ ಕೊಡಿಸಿಲ್ಲ.

ಅವಳ ಕಿವಿಯ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಮಾಷೆಯಾಗಿ ಕಾಣುತ್ತದೆ. ಫೋನಿಗೆ ನಂಬರು ತಿರುಗಿಸುವ ಸೌಕರ್ಯ ಬರುವ ಮೊದಲು ಊರಿನ ಕರೆಗಳನ್ನೆಲ್ಲ ಕೈಯಿಂದ ಜೋಡಿಸುತ್ತಿದ್ದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವಳು ಆಪರೇಟರ್, ಕಣ್ಣು ಹೋದದ್ದು ಆಮೇಲೆ. ನಾನು ಬಸ್ ಕಂಡಕ್ಟರ್. ಒಂದು ದಿನ ಡಿಪೋದ ಫೋನೆತ್ತಿ, ಮೂಗಿನಲ್ಲಿ ಮಾತಾಡುವ ನಮ್ಮ ಮ್ಯಾನೇಜರನ ದನಿ ಮಾಡಿ, 'ಬೇಗ ಮುಖ್ಯ ಕಚೇರಿಗೆ ಕೊಡಮ್ಮ, ತುರ್ತು ಇದೆ' ಎಂದೆ. ಆ ಕಡೆಯಿಂದ ತಣ್ಣಗೆ ಉತ್ತರ ಬಂತು. 'ಕಂಡಕ್ಟ್ರೇ, ಒಂಬತ್ತೂವರೆ ಬಸ್ಸು ನಿಮ್ಮದೇ ಅಲ್ವಾ, ಜನ ಕಾಯ್ತಿರ್ತಾರೆ, ಫೋನ್ ಇಡಿ.' ದಿನಾ ಆ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳಂತೆ, ನನ್ನ 'ಮುಂದೆ ಹೋಗಿ, ಮುಂದೆ ಹೋಗಿ' ಕೇಳಿ ಕೇಳಿ ದನಿ ಕಿವಿಯಲ್ಲಿ ಕೂತಿತ್ತಂತೆ. ಆಮೇಲೆ ನಾನು ಫೋನಿನಲ್ಲಿ ಪೊಲೀಸ್ ಆದೆ, ವಕೀಲನಾದೆ, ಒಮ್ಮೆ ಮುದುಕಿಯೂ ಆದೆ. ಅವಳು ಒಂದು ಸಲವೂ ಮೋಸಹೋಗಲಿಲ್ಲ. ಕೊನೆಗೆ ನನ್ನ ದನಿಯಲ್ಲೇ ಫೋನ್ ಮಾಡಿ ಮದುವೆಯಾಗುತ್ತೀಯಾ ಎಂದು ಕೇಳಿದಾಗ ಮಾತ್ರ, 'ಯಾರು ಮಾತಾಡ್ತಿರೋದು' ಎಂದಳು.

ಈಗ ಅವಳು ಟಿವಿಯ ಮುಂದೆ ಕೂತರೆ ಪಕ್ಕದಲ್ಲಿ ನಾನು ಕೂರುತ್ತೇನೆ. ನೀವು ಬಾಯಿಬಿಟ್ಟು ಹೇಳದ್ದನ್ನು ನಾನು ಹೇಳುತ್ತೇನೆ. ಸೊಸೆ ಕಪಾಟು ತೆಗೆದಳು, ಮೈದುನ ಕಿಟಕಿಯ ಹಿಂದೆ ನಿಂತು ಕೇಳುತ್ತಿದ್ದಾನೆ, ಇಷ್ಟೇ. ಹಳೆಯ ಅಧ್ಯಾಯದಲ್ಲಿ ನನಗೆ ಹೆಚ್ಚು ಕೆಲಸ ಇರಲಿಲ್ಲ. ಆ ಅತ್ತೆ ಇದ್ದರಲ್ಲ. ಬಾಯಿಯೇ ಮುಚ್ಚುತ್ತಿರಲಿಲ್ಲ, ಪುಣ್ಯಾತ್ಮರು. ಬಾಗಿಲು ಸದ್ದಾದರೆ ಸಾಕು, 'ಏನೋ, ಮಧ್ಯಾಹ್ನಕ್ಕೇ ಬಂದೆ, ಮುಖ ಯಾಕೆ ಸಪ್ಪಗಿದೆ, ಕೈಲೇನು ಕಾಗದ?' ಎಂದು ಒಂದೇ ಉಸಿರಿಗೆ ಕೇಳುತ್ತಿದ್ದರು. ಪತ್ರಿಕೆಯಲ್ಲಿ ಯಾರೋ ಬುದ್ಧಿವಂತರು ಇದನ್ನು ಅತಿಮಾತು ಎಂದು ಬರೆದಿದ್ದರು. ನಮ್ಮ ಮನೆಯಲ್ಲಿ ಆ ಒಂದು ಉಸಿರಿಗೆ ಮಗ ಕಾಣುತ್ತಿದ್ದ, ಬಿಸಿಲು ಕಾಣುತ್ತಿತ್ತು, ಕಾಗದ ಕಾಣುತ್ತಿತ್ತು. ಆಕೆ ಅರಿಯದೆ ನನ್ನವಳಿಗೆ ಕಣ್ಣಾಗಿದ್ದರು.

ಹೊಸ ಅಧ್ಯಾಯ ಶುರುವಾದ ವಾರ ನಾನು ಮನೆಯಲ್ಲಿರಲಿಲ್ಲ. ಗಂಟಲಿನ ಪರೀಕ್ಷೆಗೆಂದು ಆಸ್ಪತ್ರೆ ಸೇರಿದ್ದೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ವಾಪಸು ಬಂದು ಚಪ್ಪಲಿ ಬಿಡುವ ಮೊದಲೇ ಅವಳು ನನ್ನ ತೋಳು ಹಿಡಿದು ಕೂರಿಸಿದಳು.

'ರೀ, ಆ ಮನೇಲಿ ಏನೋ ನಡೀತಿದೆ. ಯಾರೋ ಹೆಂಗಸು ಬಂದು ಸೇರ್ಕೊಂಡಿದ್ದಾಳೆ.'

'ಯಾವ ಮನೇಲಿ?'

'ಅದೇ ಕಣ್ರೀ, ಏಳು ಗಂಟೆ ಮನೇಲಿ. ಅತ್ತೆ ಅಂತ ಹೇಳ್ಕೊಂಡು ಓಡಾಡ್ತಿದ್ದಾಳೆ. ಎಲ್ಲರೂ ಅಮ್ಮ, ಅತ್ತೆ ಅಂತಿದ್ದಾರೆ. ಒಬ್ಬರಿಗೂ ಅನುಮಾನ ಇಲ್ಲ.'

'ಮತ್ತೆ ನಿಜವಾದ ಅತ್ತೆ?'

'ಎಲ್ಲೋ ಕೂಡಿಹಾಕಿರ್ಬೇಕು. ನಂಗೆ ಆ ಮೈದುನನ ಮೇಲೇ ಗುಮಾನಿ.'

ನಾನು ಆಗಲೇ ನಿಜ ಹೇಳಬೇಕಿತ್ತು. ಆದರೆ, ಮಾನ್ಯರೇ, ನಿಮ್ಮ ಇಡೀ ಕಥಾವಿಭಾಗ ಸೇರಿ ಹೆಣೆದದ್ದಕ್ಕಿಂತ ಚೆನ್ನಾದ ಕಥೆಯೊಂದು ನಮ್ಮ ಸೋಫಾದ ಮೇಲೆ ಕೂತಿತ್ತು. ಕೆಡಿಸಲು ಮನಸ್ಸು ಬರಲಿಲ್ಲ. ನಾನೂ ಕಳ್ಳಿಯನ್ನು ಹಿಡಿಯುವ ಉತ್ಸಾಹದಲ್ಲಿ ಜೊತೆಗೂಡಿದೆ. ಪರದೆಯ ಆ ಸಾಲು ಓದಿದ್ದ ಎದುರು ಮನೆಯ ಟೈಲರಮ್ಮನಿಗೂ ಕಣ್ಣು ಮಿಟುಕಿಸಿ ಸುಮ್ಮನಿರಿಸಿದೆ. ಆದರೆ ನನ್ನವಳ ಉತ್ಸಾಹ ದಿನೇ ದಿನೇ ಇಳಿಯತೊಡಗಿತು. ಒಂದು ಸಂಜೆ ಬಟಾಣಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ ಹೇಳಿದಳು.

'ಹೊರಗಿನವರು ಬಿಡಿ. ಹೆತ್ತ ಮಗನಿಗೆ ಅಮ್ಮನ ದನಿ ಗೊತ್ತಾಗಲ್ವಾ? ಇನ್ಯಾರ್ದೋ ದನೀಲಿ ಊಟಕ್ಕೆ ಬಾ ಅಂತ ಕರೆದ್ರೆ ಬಂದು ಉಣ್ತಾನಲ್ರೀ.'

ಇನ್ನು ಆಟ ಸಾಕು ಎಂದು ನಿಜ ಹೇಳಿದೆ. ಮೋಸಗಾತಿ ಯಾರೂ ಇಲ್ಲ, ನಟಿಯನ್ನು ಬದಲಾಯಿಸಿದ್ದಾರೆ, ಬರೆದು ತೋರಿಸಿದ್ದರಂತೆ ಎಂದೆ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಬಟಾಣಿ ಬಟ್ಟಲನ್ನು ಪಕ್ಕಕ್ಕಿಟ್ಟು, 'ಹಾಗಾದ್ರೆ ಆಕೆ ಎಲ್ಲಿ ಹೋದ್ರು? ಹುಷಾರಾಗಿದ್ದಾರಾ? ಇದ್ದಾರಾ?' ಎಂದಳು.

ನನಗೆ ಗೊತ್ತಿರಲಿಲ್ಲ. ನಿಮ್ಮ ಕಚೇರಿಗೆ ಫೋನ್ ಮಾಡಿದೆ. 'ನಿಮ್ಮ ಕರೆ ನಮಗೆ ಅಮೂಲ್ಯ' ಎಂದು ಒಂದು ಹೆಣ್ಣುದನಿ ಹೇಳಿತು. ಎಷ್ಟು ಅಮೂಲ್ಯ ಎಂದರೆ ಎತ್ತಿ ಮುಟ್ಟಿ ಮಾಸಿಸಬಾರದೆಂದು ಹಾಗೇ ಇಟ್ಟಿರುತ್ತೀರಿ. ಕೊನೆಗೊಬ್ಬ ಯುವಕ ಸಿಕ್ಕಿದ. ಒಳ್ಳೆಯ ಹುಡುಗ, ಕೊನೆಯವರೆಗೂ ಕೇಳಿಸಿಕೊಂಡ. ನಟಿಯ ವಿಷಯ ಅವನಿಗೆ ಗೊತ್ತಿಲ್ಲವಂತೆ. ಹೊಸ ಅಧ್ಯಾಯದಲ್ಲಿ ಯಾರೂ ಮಾತೇ ಆಡುವುದಿಲ್ಲವಲ್ಲಪ್ಪ ಎಂದು ಕೇಳಿದ್ದಕ್ಕೆ ಹೇಳಿದ, 'ಸರ್, ಈಗೆಲ್ಲ ಎಕ್ಸ್‌ಪ್ರೆಶನ್ ಸರ್. ಮತ್ತೆ ಅದು ನೋಡೋ ಕಾರ್ಯಕ್ರಮ. ಕೇಳೋಕಾದ್ರೆ ರೇಡಿಯೋ ಇದೆಯಲ್ಲ.' ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈ ಉತ್ತರ ಕಲಿಸಿದವರಿಗೆ ಒಂದು ಪ್ರಶ್ನೆ. ನೋಡಲಾಗದವರನ್ನು ಯಾವ ಸ್ಟಾಪಿನಲ್ಲಿ ಇಳಿಸಿ ಮುಂದೆ ಹೋಗಬೇಕೆಂದು ತೀರ್ಮಾನಿಸಿದ್ದೀರಿ? ನಮ್ಮ ಬಸ್ಸು ಹಳೆಯ ಡಕೋಟವಾಗಿತ್ತು, ನಿಜ. ಆದರೆ ಕಣ್ಣು ಕಾಣದವರು ಹತ್ತಿದ್ದರೆ ಪ್ರತಿ ಸ್ಟಾಪಿನ ಹೆಸರನ್ನೂ ಕೂಗಿ ಹೇಳುತ್ತಿದ್ದೆವು. ಯಾವ ಎಕ್ಸ್‌ಪ್ರೆಶನ್ನೂ ಮಾಡುತ್ತಿರಲಿಲ್ಲ.

ಹೊಸ ಅಧ್ಯಾಯದ ಒಂದು ಸಂಜೆ ಹೇಗಿರುತ್ತದೆ, ಕೇಳಿ. ಗುಡುಗು. ಹೊಸ ಅತ್ತೆ ಸೊಸೆಯನ್ನು ನೋಡುತ್ತಾರೆ. ಗುಡುಗು. ಸೊಸೆ ಅತ್ತೆಯನ್ನು ನೋಡುತ್ತಾಳೆ. ಮೈದುನ ಇಬ್ಬರನ್ನೂ ನೋಡುತ್ತಾನೆ, ಅವನ ಪಾಲಿಗೆ ಎರಡು ಗುಡುಗು. ಪಾತ್ರಗಳೆಲ್ಲ ಪಾತ್ರೆಗಳ ಹಾಗೆ ಸಾಲಾಗಿ ನಿಂತಿರುತ್ತವೆ, ಬಡಿದರೂ ಸದ್ದಿಲ್ಲ. ಪಕ್ಕದಲ್ಲಿ ಇವಳು, 'ಏನಾಯ್ತು, ಏನಾಯ್ತು' ಎನ್ನುತ್ತಿರುತ್ತಾಳೆ. ನಾನು ಹೇಳಬೇಕು. ಹೇಳುತ್ತಿದ್ದೇನೆ ಕೂಡ. ಸೊಸೆಯ ಕಣ್ಣಲ್ಲಿ ನೀರು, ಕೈಯಲ್ಲಿ ಆಸ್ಪತ್ರೆಯ ಲಕೋಟೆ, ಒಡೆದಿದ್ದಾಳೆ, ಅತ್ತೆಗೆ ತೋರಿಸುತ್ತಿಲ್ಲ, ಸೆರಗಿನಲ್ಲಿ ಮುಚ್ಚಿಕೊಂಡಳು. ಅರ್ಧ ಗಂಟೆ ಹೀಗೆ ಹೇಳಿದರೆ ಆಮೇಲೆ ನನಗೆ ನೀರು ನುಂಗಲೂ ಕಷ್ಟ.

ಈಗ ಗಂಟಲಿನ ವಿಷಯ. ನನಗಿಂತ ಮೊದಲು ಅವಳಿಗೇ ಗೊತ್ತಾಯಿತು. ಶೀತ, ನೆಗಡಿ ಎಂದು ನಾನು ಶುಂಠಿ ಅಗಿಯುತ್ತಿದ್ದಾಗ, 'ಇದು ನೆಗಡಿ ದನಿ ಅಲ್ಲ ರೀ, ಒಳಗೆ ಯಾರೋ ಬಾಗಿಲಿಗೆ ಅಡ್ಡ ನಿಂತ ಹಾಗಿದೆ, ತೋರಿಸಿ' ಎಂದಳು. ತೋರಿಸಿದೆ. ಡಾಕ್ಟರು ಕೆಟ್ಟ ಗಡ್ಡೆ ಎಂದರು, ಧ್ವನಿಪೆಟ್ಟಿಗೆ ತೆಗೆಯಬೇಕು ಎಂದರು. 'ಪೆಟ್ಟಿಗೆ ನೀವಿಟ್ಕೊಳ್ಳಿ ಡಾಕ್ಟ್ರೇ, ಒಳಗಿನ ಸಾಮಾನು ವಾಪಸ್ ಕೊಟ್ಬಿಡಿ' ಎಂದೆ. ಅವರು ನಗಲಿಲ್ಲ. ನನ್ನ ಜೀವಮಾನದಲ್ಲಿ ನಗೆ ಬಾರದ ಜೋಕುಗಳು ಬಹಳ ಇವೆ, ಆದರೆ ಅದೊಂದರಲ್ಲಿ ಮಾತ್ರ ಕೇಳಿದವರು ತಲೆ ತಗ್ಗಿಸಿದರು. ಆಪರೇಷನ್ ಆದಮೇಲೆ ಕತ್ತಿಗೆ ಹಿಡಿದುಕೊಂಡು ಮಾತಾಡುವ ಒಂದು ಸಣ್ಣ ಯಂತ್ರ ಸಿಗುತ್ತದಂತೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಅದನ್ನು ಬಳಸುವ ಒಬ್ಬರು ಕೂತಿದ್ದರು. ನಮ್ಮಿಬ್ಬರ ಜೊತೆ ಪ್ರೀತಿಯಿಂದ ಮಾತಾಡಿದರು, ಧೈರ್ಯ ಹೇಳಿದರು. ಆ ಯಂತ್ರದಿಂದ ಬರುವುದು ಗುಂಯ್‌ಗುಡುವ ಒಂದೇ ಏರಿಳಿತದ ದನಿ. ಅವರು ಎದ್ದುಹೋದ ಮೇಲೆ ಪಕ್ಕದ ಕೋಣೆಯಿಂದ ಇನ್ನೊಂದು ಯಂತ್ರ ಮಾತಾಡಿತು. ಥೇಟ್ ಅದೇ ದನಿ. ನನ್ನವಳು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಲೆ ತಿರುಗಿಸಿದಳು.

'ಎಲ್ಲರ್ದೂ ಹೀಗೇನಾ?' ಎಂದಳು.

'ಹೌದಂತೆ.'

'ಮತ್ತೆ ಅದು ನೀವು ಅಂತ ನಂಗೆ ಹೇಗೆ ಗೊತ್ತಾಗ್ಬೇಕು?'

ಏನಾದರೊಂದು ಹೇಳಿ ನಗಿಸುವುದು ನನ್ನ ಅಭ್ಯಾಸ. ಅಂದು ಅದನ್ನು ಬಿಟ್ಟು ಅವಳನ್ನು ಬಸ್ ಸ್ಟಾಪಿಗೆ ಕರೆದುಕೊಂಡು ಹೋದೆ. ಬಸ್ಸಿಗಾಗಿ ಕಾಯುವಾಗ ಅವಳೇ ನನ್ನ ಕೈ ಎಳೆದುಕೊಂಡು ಒಂದು ಉಪಾಯ ಹೇಳಿದಳು. ಬಸ್ಸಿನ ಗಂಟೆಯ ಲೆಕ್ಕವನ್ನು ಅಂಗೈ ಮೇಲೆ ತಟ್ಟಬೇಕು. ಒಂದು ತಟ್ಟಿದರೆ ನಿಲ್ಲು, ಎರಡು ತಟ್ಟಿದರೆ ರೈಟ್, ಹೊರಡು. ಮೂರು ತಟ್ಟಿದರೆ ಬಸ್ಸು ತುಂಬಿದೆ ಎಂದಿತ್ತು ನಮ್ಮಲ್ಲಿ, ಅದಕ್ಕೆ ಅವಳು ಬೇರೆ ಅರ್ಥ ಕೊಟ್ಟಿದ್ದಾಳೆ. ಅದು ತಮಗೆ ಬೇಡ. ಈಗ ದಿನಾ ಅಭ್ಯಾಸ ನಡೆಯುತ್ತಿದೆ. ಮೆಟ್ಟಿಲು ಇಳಿಯಲು, ರಸ್ತೆ ದಾಟಲು ಇಷ್ಟು ಸಾಕಾದೀತು. ಆದರೆ ಸೊಸೆ ಸೆರಗಿನಲ್ಲಿ ಲಕೋಟೆ ಮುಚ್ಚಿಕೊಂಡಳು ಎಂಬುದನ್ನು ಅಂಗೈಗೆ ಎಷ್ಟು ತಟ್ಟಿ ಹೇಳಲಿ, ಮಾನ್ಯರೇ?

ಟೈಲರಮ್ಮ ಬಂದು ಕೂರುತ್ತೇನೆ ಎಂದಿದ್ದಾರೆ, ದೊಡ್ಡ ಮನಸ್ಸು. ಒಂದು ದಿನ ನಾನು ಅಡುಗೆಮನೆಯಲ್ಲಿದ್ದು ಅವರನ್ನು ಪರೀಕ್ಷೆಗೆ ಕೂರಿಸಿಯೂ ನೋಡಿದೆವು. 'ಅಕ್ಕಾ, ಹಸಿರು ರವಿಕೆ, ಕತ್ತು ಸರಿ ಕೂತಿಲ್ಲ. ತೋಳು ಎಳೀತಿದೆ. ಅಯ್ಯೋ, ಹೆಮ್ಮಿಂಗ್ ನೋಡಿ' ಎನ್ನುತ್ತಲೇ ಅರ್ಧ ಗಂಟೆ ಮುಗಿಸಿದರು. ಆ ಸಂಜೆ ನಿಮ್ಮ ಧಾರಾವಾಹಿಯಲ್ಲಿ ಒಂದು ಸಾವು ಆಗಿತ್ತು. ನಮ್ಮ ಮನೆಗೆ ಮರುದಿನ ತಿಳಿಯಿತು.

ಆದಕಾರಣ ನನ್ನ ಬೇಡಿಕೆ. ಹಳೆಯ ನಟಿಯನ್ನು ವಾಪಸು ತನ್ನಿ ಎಂದು ಕೇಳುವುದಿಲ್ಲ, ನಿಮ್ಮ ಕಷ್ಟಗಳು ನಿಮಗಿರುತ್ತವೆ. ಆಕೆ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಒಮ್ಮೆ ಹೇಳಿಸಿ. ಆಕೆಯಿಂದಲೇ 'ಹೋಗಿ ಬರ್ತೀನಿ' ಎಂದು ಹೇಳಿಸಿದರಂತೂ ನಿಮ್ಮ ಉಪಕಾರ ಮರೆಯುವುದಿಲ್ಲ. ಇನ್ನು ಮುಂದೆ ಪಾತ್ರಧಾರಿ ಬದಲಾದರೆ ಬರೆದು ತೋರಿಸುವುದರ ಜೊತೆಗೆ ಬಾಯಲ್ಲೂ ಹೇಳಿಸಿ. ನಿಮ್ಮ ನಟರಿಗೆ ಮಾತು ಕೊಡಿ. ದೃಶ್ಯಕ್ಕೊಂದು ಸಾಕು. 'ಏನೇ ಅದು ಕೈಯಲ್ಲಿ ಲಕೋಟೆ' ಎಂದು ಅತ್ತೆ ಕೇಳಿದರೆ ಯಾವ ಕಲೆಯೂ ಕೆಡುವುದಿಲ್ಲ. ಅಷ್ಟೂ ಆಗದಿದ್ದರೆ, ಪರದೆಯ ಮೇಲೆ ಆಗುವುದನ್ನು ಪಕ್ಕದಲ್ಲಿ ಕೂತು ಹೇಳುವ ಒಂದು ದನಿಯನ್ನು ಬೇಕಾದವರಿಗೆ ಮಾತ್ರ ಕೇಳುವಂತೆ ಸೇರಿಸಲು ಬರುತ್ತದಂತೆ. ಯಾವುದಾದರೂ ಒಳ್ಳೆಯ ದನಿ ಹುಡುಕಿ. ನನ್ನ ಹೆಂಡತಿ ಒಗ್ಗಿಕೊಳ್ಳುತ್ತಾಳೆ. ನನ್ನದಕ್ಕೇ ಒಗ್ಗಿದವಳು.

ಬೇಗ ಮಾಡಿದರೆ ಒಳ್ಳೆಯದು. ಮುಂದಿನ ಸೋಮವಾರ ನನ್ನನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ. ಆ ಸಂಜೆಯೂ ಏಳು ಗಂಟೆ ಆಗಿಯೇ ಆಗುತ್ತದೆ.

ಈ ಕಾಗದವನ್ನು ಅವಳಿಗೆ ಓದಿ ಹೇಳಲು ಕೂತಿದ್ದೆ. ಅರ್ಧ ದಾಟುವಷ್ಟರಲ್ಲಿ ಅವಳು ನನ್ನ ಬಾಯಿಯ ಮೇಲೆ ಕೈಯಿಟ್ಟಳು. 'ಸಾಕು ನಿಲ್ಸಿ. ಅವ್ರಿಗೆ ಕಳ್ಸಿ, ಅವ್ರೇ ಓದ್ಕೊಳ್ಲಿ. ಇರೋ ದನೀನ ಇದಕ್ಕೆಲ್ಲ ಖರ್ಚು ಮಾಡ್ಬೇಡಿ. ನನ್ನ ಹೆಸರು ಹಿಡಿದು ಒಂದ್ಸಲ ಕರೀರಿ, ಸುಮ್ನೆ, ಕೆಲಸ ಏನಿಲ್ಲ' ಎಂದಳು.

ಕರೆಯಲು ಹೋಗುತ್ತಿದ್ದೇನೆ. ಆದ್ದರಿಂದ ಇಲ್ಲಿಗೆ ಮುಗಿಸುತ್ತೇನೆ.

ಇಂತಿ,
ಸೋಮವಾರದ ತನಕ ತಮ್ಮ ಧಾರಾವಾಹಿಯ ಸಂಬಳವಿಲ್ಲದ ವಕ್ತಾರ,
ನಿವೃತ್ತ ಕಂಡಕ್ಟರ್