ನಾನು ತಿರುಗಿಸಿದ ದನಿ

ಚಸ್ಮಿರಾ ಯಾಯು, ಅಕ್ಕಾ,

ಕರಂಗ್‌ಸೋಂಗ್‌ನಿಂದ ರುಮಿನಿ ಬರೆಯುತ್ತಿದ್ದೇನೆ. ದಿನಾ ಬೆಳಿಗ್ಗೆ ನಿಮ್ಮ ಅಂಗಡಿಗೆ ಬಂದು ಒಂದು ಪೊಟ್ಟಣ ನಾಸಿ ಲೆಂಕೊ ಅನ್ನ, ಕಡಲೆಕಾಯಿ ಗೊಜ್ಜು ಬೇರೆಯಾಗಿ ಕಟ್ಟಿಸಿಕೊಂಡು, ತಲೆ ತಗ್ಗಿಸಿ ಹೋಗುತ್ತಿದ್ದವಳು. ಎರಡು ವಾರದ ಹಿಂದೆ ಅದೇ ಅಂಗಡಿಯ ಬೆಂಚಿನ ಮೇಲೆ ಕೂತು ನಿಮ್ಮ ಗಂಡನ ವಿಷಯ ಹೇಳಿದವಳು. ನನ್ನ ಹೆಸರು ನೋಡಿದ ಕೂಡಲೇ ಹರಿದು ಹಾಕಬೇಕೆನಿಸಿದರೆ, ಅದಕ್ಕೆ ಮೊದಲು ಈ ಒಂದು ಸಾಲು ಓದಿಬಿಡಿ: ನಾನು ಹೇಳಿದ್ದು ತಪ್ಪು. ಆ ದನಿ ತರ್ಮುದಿ ಕಾಂಗ್ ಅವರದಲ್ಲ.

ಸೋಮವಾರ ನೀವು ತೈವಾನಿನ ಕಾಗದಕ್ಕೆ ಸಹಿ ಹಾಕುತ್ತೀರಂತೆ, ಮೂರು ವರ್ಷದ ಮನೆಗೆಲಸಕ್ಕೆ. ನಿಮ್ಮ ತಂಗಿ ಹೇಳಿದಳು. ಬೆಕಾಸಿಯ ಆ ತರಬೇತಿ ಮನೆಯಲ್ಲಿ ಫೋನು ತೆಗೆದಿಟ್ಟುಕೊಳ್ಳುತ್ತಾರೆ, ಭಾನುವಾರ ಮಾತ್ರ ಗೇಟಿನ ಹತ್ತಿರ ಭೇಟಿಗೆ ಬಿಡುತ್ತಾರೆ ಎಂದೂ ಹೇಳಿದಳು. ಅದಕ್ಕೇ ಈ ಕಾಗದ. ಇವತ್ತು ಶನಿವಾರ. ಬೆಳಗಿನಿಂದ ಮೂರು ಸಲ ಬರೆಯಲು ಕೂತು ಮೂರು ಸಲ ಎದ್ದಿದ್ದೇನೆ. ಒಮ್ಮೆ ಎದ್ದು ಬಂದರಿನವರೆಗೂ ನಡೆದು, ಯಾಕೆ ಬಂದೆನೆಂದು ತಿಳಿಯದೆ ವಾಪಸು ಬಂದೆ.

ಮೊದಲಿನಿಂದ ಹೇಳದಿದ್ದರೆ ನೀವು ನಂಬುವುದಿಲ್ಲ.

ನಮ್ಮ ಬಾಪಾ ನಿಮಗೆ ಗೊತ್ತು. ದೊಡ್ಡ ಬಲೆ ದೋಣಿ ನಡೆಸುವ ತಂಡೇಲ, ವರ್ಷದಲ್ಲಿ ಒಂದು ತಿಂಗಳು ಮನೆಯಲ್ಲಿದ್ದರೆ ಹೆಚ್ಚು. ನಿಮ್ಮೆಲ್ಲರ ಹಾಗೆ ನಮ್ಮಮ್ಮ ಮಿಮಿಯೂ ಮೊದಲೆಲ್ಲ ಸಂಜೆಯ ಅಸರ್ ನಮಾಜು ಮುಗಿದ ಮೇಲೆ ದೋಣಿ ಧಣಿಯ ಮನೆ ಜಗಲಿಗೆ ಹೋಗಿ ರೇಡಿಯೋದಲ್ಲಿ ಮಾತಾಡಿ ಬರುತ್ತಿದ್ದಳು. ಎರಡು ವರ್ಷದ ಹಿಂದೆ ಬಾಪಾ ಬೇಡವೆಂದರು. "ಊರೆಲ್ಲ ಕೇಳಿಸ್ಕೊಳ್ಳುತ್ತೆ, ನಂಗೆ ನಾಚ್ಕೆ. ಮನೆಗೆ ಬೇಕಾದ್ದೆಲ್ಲ ಬರ್ತಿದ್ಯಲ್ಲ, ಮಾತು ಯಾಕೆ?" ಮಿಮಿ ಹೋಗುವುದು ಬಿಟ್ಟಳು. ಸೆಮರಾಂಗಿನಲ್ಲಿ ಸಾಹಿತ್ಯ ಓದಿ ಮುಗಿಸಿ ನಾನು ಮನೆಗೆ ಬಂದಾಗ ಮಿಮಿ ಆ ಹೊತ್ತಿನಲ್ಲಿ ಅಂಗಳ ಗುಡಿಸುತ್ತಿದ್ದಳು. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು. ಬಾಪಾನ ದನಿ ಒಂದು ಸಲ ಹಿಡಿದು ಅವಳಿಗೆ ಕೇಳಿಸಬೇಕೆಂದು ನನಗೆ ಹಟ ಹುಟ್ಟಿತು.

ದೋಣಿಗಳ ರೇಡಿಯೋ ರಿಪೇರಿ ಮಾಡುವ ವಸ್ದುಲ್ ಮಾಂಗ್ ಅವರ ಅಂಗಡಿಗೆ ಹೋಗಿ ಕೇಳಿದೆ. ಅವರು ಕೈಯಲ್ಲಿದ್ದ ಬೆಸುಗೆ ಕಡ್ಡಿ ಕೆಳಗಿಡದೆಯೇ ನಕ್ಕರು. "ಕೇಳೋದಕ್ಕೆ ದೊಡ್ಡ ಸೆಟ್ ಯಾಕೆ ಪುಟ್ಟಿ? ಹೆಬ್ಬೆರಳಷ್ಟು ಒಂದು ಡಬ್ಬಿ ಬರುತ್ತೆ, ಲ್ಯಾಪ್‌ಟಾಪಿಗೆ ಚುಚ್ಚೋದು. ಮಿಕ್ಕಿದ್ದೆಲ್ಲ ಲ್ಯಾಪ್‌ಟಾಪೇ ಮಾಡುತ್ತೆ. ಆದ್ರೆ ಒಂದು, ಅದು ಕೇಳೋಕೆ ಮಾತ್ರ, ಮಾತಾಡೋಕಾಗಲ್ಲ." ಮತ್ತೆ ಬೆಸುಗೆಗೆ ಬಾಗುತ್ತ, "ನಿಂಗೆ ಹೇಳಿ ಮಾಡ್ಸಿದ ಹಾಗಿದೆ," ಅಂದರು.

ಮಾವಿನ ಮರದಿಂದ ಬಟ್ಟೆ ಒಣಗಿಸುವ ಕಂಬದವರೆಗೆ ತಾಮ್ರದ ತಂತಿ ಎಳೆದೆ. ಮೊದಲ ದಿನ ಬರೀ ಕರಕರ ಸದ್ದು. ಪರದೆಯ ತುಂಬ ಬೇಲಿಯ ಗೂಟಗಳಂತೆ ಗೆರೆಗಳು. ಡಬ್ಬಿ ಕೆಟ್ಟಿದೆಯೆಂದು ಮಾಂಗ್ ಹತ್ತಿರ ಓಡಿದರೆ, "ಚಾರ್ಜರ್ ಕಿತ್ತು ನೋಡು," ಎಂದರು. ಕಿತ್ತೆ. ಗೂಟಗಳೆಲ್ಲ ಮಾಯ. ನಮ್ಮ ಮನೆಯ ಸದ್ದನ್ನೇ ನಾನು ಲೋಕದ ಸದ್ದು ಅಂದುಕೊಂಡಿದ್ದೆ. ಎಲ್‌ಇಡಿ ಬಲ್ಬು ಆರಿಸಿದೆ, ಫ್ಯಾನು ನಿಲ್ಲಿಸಿದೆ. ಮಿಮಿ ಸೆಕೆಯಲ್ಲಿ ಬೀಸಣಿಗೆ ಹಿಡಿದು, "ಗಾಳಿ ಮಾತು ಕೇಳೋಕೆ ಗಾಳೀನೇ ನಿಲ್ಲಿಸ್ಬೇಕೇನೇ?" ಎಂದು ಗೊಣಗಿದಳು.

ಆಮೇಲೆ ಪರದೆ ತಿಳಿಯಾಯಿತು. ನಿಮಗೆ ಅದನ್ನು ಹೇಗೆ ಹೇಳಲಿ ಯಾಯು. ಕಡುನೀಲಿ ಬಣ್ಣ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಸುರಿಯುತ್ತಿರುತ್ತದೆ, ಅದಕ್ಕೇ ಅದನ್ನು ಜಲಪಾತ ಅನ್ನುತ್ತಾರೆ. ಯಾರಾದರೂ ಮಾತಾಡಿದರೆ ಅವರ ಜಾಗದಲ್ಲಿ ಹಳದಿ ಎಳೆ ಹೊಳೆಯುತ್ತದೆ, ನಿಲ್ಲಿಸಿದರೆ ಆರುತ್ತದೆ. ಎಳೆಯ ಮೇಲೆ ಒತ್ತಿದರೆ ದನಿ. ಸಾಮಾನ್ಯ ರೇಡಿಯೋದಲ್ಲಿ ಒಂದು ಸಲಕ್ಕೆ ಒಂದೇ ಬಾಗಿಲಿಗೆ ಕಿವಿ ಇಡಬಹುದು. ಇಲ್ಲಿ ಇಡೀ ಬೀದಿ ಕಣ್ಣಿಗೆ ಕಾಣುತ್ತದೆ, ಯಾವ ಮನೆಯಲ್ಲಿ ದೀಪ ಹತ್ತಿತು, ಯಾವ ಮನೆಯಲ್ಲಿ ಆರಿತು ಎಂದು.

ಹಾಗೆ ಮನೆಯಲ್ಲೇ ಕೂತು ಸಂಜೆ ಸಂಜೆ ನಿಮ್ಮ ಜಗಲಿಗೆ ಬಂದೆ. ಅಲ್ಲಿ ಕೂತ ಹೆಂಗಸರು ಗಂಡಂದಿರ ಕಾಲೆಳೆಯುವುದು ಕೇಳಿ ಒಬ್ಬಳೇ ನಗುತ್ತಿದ್ದೆ. "ಏನ್ ಕಾಂಗ್, ನಿಮಗೆ ಮೀನು ಸಿಕ್ತೋ, ಮೀನಿಗೇ ನೀವು ಸಿಕ್ಕಿದ್ರೋ?" ಅಂತ ಯಾರೋ. ಎಲ್ಲರೂ ಕೇಳುತ್ತಿರುತ್ತಾರಾದ್ದರಿಂದ ನೀವು ಮಾತ್ರ ಬರೀ ಮನೆಯ ರಿಪೇರಿ ಮಾತಾಡುತ್ತಿದ್ದಿರಿ. ತರ್ಮುದಿ ಕಾಂಗ್ ದಿನಾ ಕೇಳುತ್ತಿದ್ದರು, "ಆ ಮೂರನೇ ಹೆಂಚು ಇನ್ನೂ ಸೋರ್ತಿದ್ಯಾ?" ನೀವು, "ಸೋರ್ತಾನೇ ಇದೆ, ಬಂದು ನೋಡಿ," ಅನ್ನುತ್ತಿದ್ದಿರಿ. ಎರಡು ತಿಂಗಳಿಂದ ಊರಿಗೆ ಒಂದು ಹನಿ ಮಳೆ ಬಿದ್ದಿರಲಿಲ್ಲ. ನಾಲ್ಕು ವರ್ಷ ಸಾಹಿತ್ಯ ಓದಿದವಳು ನಾನು, ಅಷ್ಟು ಚೆಂದದ ಪ್ರೀತಿಯ ಮಾತು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ನಾಚಿಕೆಯಾಗಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ.

ಬಾಪಾ ಮಾತ್ರ ಎಲ್ಲೂ ಸಿಗಲಿಲ್ಲ.

ಗಂಡಸರಿಗೆ ಗುಟ್ಟು ಮಾತಾಡಬೇಕಾದಾಗ ಅವರು, "ಕಾಫಿ ಅಂಗಡಿಗೆ ಬಾ," ಅನ್ನುತ್ತಾರೆ. ಆಗ ಇಬ್ಬರೂ ಮೊದಲೇ ಗೊತ್ತು ಮಾಡಿಕೊಂಡ ಬೇರೆ ಜಾಗಕ್ಕೆ ಸರಿದುಬಿಡುತ್ತಾರೆ. ಜಗಲಿಯ ರೇಡಿಯೋಗೆ ಆ ಜಾಗ ಗೊತ್ತಾಗುವುದಿಲ್ಲ. ನನ್ನ ಪರದೆಗೆ ಗೊತ್ತಾಗುತ್ತದೆ. ಇಲ್ಲಿ ಎಳೆ ಆರಿದ ಕೂಡಲೇ ಅಲ್ಲಿ ಹತ್ತುತ್ತದೆ. ಹೆಚ್ಚಿನ ದಿನ ಅದು ಮೀನಿನ ಗುಟ್ಟು, ಬಲೆ ಬಿಡುವ ಜಾಗದ ಗುಟ್ಟು. ಆ ಬುಧವಾರ ನೀವು ಮತ್ತು ತರ್ಮುದಿ ಕಾಂಗ್ ಮಾತು ಮುಗಿಸಿದಿರಿ. ಅದೇ ಕ್ಷಣ ಇನ್ನೊಂದು ದೋಣಿಯವನು, "ಕಾಂಗ್, ಕಾಫಿ ಅಂಗಡಿಗೆ ಬಾ," ಅಂದ. ಸಮುದ್ರದಲ್ಲಿ ಎಲ್ಲ ಅಣ್ಣಂದಿರೂ ಕಾಂಗ್, ಆದರೂ ಕರೆದದ್ದು ತರ್ಮುದಿ ಕಾಂಗ್ ಅವರನ್ನೇ ಅಂದುಕೊಂಡೆ. ಎಳೆ ಆರಿತು. ಸ್ವಲ್ಪ ಎಡಕ್ಕೆ ಹೊಸ ಎಳೆ ಹತ್ತಿತು. ಒತ್ತಿದೆ. ದನಿ ಬಾತುಕೋಳಿಯ ಹಾಗಿತ್ತು. ದನಿ ಸರಿಮಾಡಲು ಮೌಸಿನ ಗಾಲಿ ತಿರುಗಿಸಿದೆ, ಇನ್ನೂ ಸ್ವಲ್ಪ ತಿರುಗಿಸಿದೆ. ತರ್ಮುದಿ ಕಾಂಗ್ ದನಿಯಾಗುವವರೆಗೆ ತಿರುಗಿಸಿ ಅಲ್ಲಿ ನಿಲ್ಲಿಸಿದೆ.

ಆ ದನಿ ಹೇಳಿತು: "ಸೀಸನ್ ಮುಗಿದ ಮೇಲೆ ನಾನು ದೋಬೊ ಬಂದರಲ್ಲೇ ಇಳೀತೀನಿ. ಮನೆ ಮಾಡಿದೀನಲ್ಲ, ಮಗು ಆಗ್ಲೇ ಗೋಡೆ ಹಿಡ್ಕೊಂಡು ನಡೀತಿದೆ. ಊರಲ್ಲಿ ಕೇಳಿದ್ರೆ ಎಂಜಿನ್ ಕೆಟ್ಟಿದೆ, ಒಂದು ತಿಂಗಳಾಗುತ್ತೆ ಅಂತ ಹೇಳು." ನಾನು ಹೆಡ್‌ಫೋನ್ ಕಿತ್ತು ಹಾಸಿಗೆಯ ಮೇಲೆ ಎಸೆದೆ.

ಮೂರು ದಿನ ಸುಮ್ಮನಿದ್ದೆ. ನಿಮ್ಮ ಅಂಗಡಿಯ ಮುಂದೆ ಹಾದುಹೋದೆ, ಮತ್ತೆ ಹಾದುಹೋದೆ. ಕೇಳಿಸಿಕೊಂಡದ್ದನ್ನು ಹೊರಗೆ ಹೇಳಬಾರದೆಂದು ಮಾಂಗ್ ಮೊದಲ ದಿನವೇ ಎಚ್ಚರಿಸಿದ್ದರು. ಆದರೂ ನಾಲ್ಕನೇ ದಿನ ಬೆಂಚಿನ ಮೇಲೆ ಕೂತುಬಿಟ್ಟೆ. ನೀವು ಕೇಳಿದಿರಿ, "ದನಿ ಅವರದ್ದೇನಾ ಪುಟ್ಟಿ? ಸರಿಯಾಗಿ ಕೇಳಿಸ್ಕೊಂಡ್ಯಾ?" ನಾನು ಹೂಂ ಅಂದೆ. ಅಷ್ಟೇ, ಒಂದು ಹೂಂ. ರೆಕಾರ್ಡಿಂಗ್ ಇದೆ, ಬೇಕಿದ್ದರೆ ಕೇಳಿಸುತ್ತೇನೆ ಅಂದೆ. ನೀವು ಬೇಡವೆಂದು ತಲೆಯಾಡಿಸಿ ನನ್ನ ಪೊಟ್ಟಣ ಕಟ್ಟಿದಿರಿ. "ಅನ್ನ ತಣ್ಣಗಾಗುತ್ತೆ, ಹೋಗು," ಅಂದಿರಿ. ಅದಾದ ಮೂರನೇ ದಿನ ಅಂಗಡಿಗೆ ಹಲಗೆ ಮುಚ್ಚಿತ್ತು. ನಿಮ್ಮ ಮಗಳು ಚಿಕ್ಕಮ್ಮನ ಮನೆಯ ಹೊಸ್ತಿಲಲ್ಲಿ ಕೂತಿದ್ದಳು.

ಅವತ್ತಿನಿಂದ ತರ್ಮುದಿ ಕಾಂಗ್ ದಿನಾ ಸಂಜೆ ನಿಮ್ಮನ್ನು ಕೇಳುತ್ತಿದ್ದಾರೆ. ಧಣಿಯ ಹೆಂಡತಿ, "ತವರಿಗೆ ಹೋಗಿದಾಳೆ," ಅನ್ನುತ್ತಾರೆ. ನೀವು ತೈವಾನಿಗೆ ಹೊರಟ ಸುದ್ದಿಯನ್ನು ಸಮುದ್ರದಲ್ಲಿರುವವರಿಗೆ ಹೇಳಲು ಯಾರಿಗೂ ಧೈರ್ಯವಿಲ್ಲ. ಗುರುವಾರ ಅವರು, "ಹಾಗಾದ್ರೆ ಹೆಂಚು ಯಾರು ನೋಡ್ಕೊಳ್ತಿದಾರೆ?" ಅಂದರು. ಜಗಲಿಯಲ್ಲಿ ಯಾರೋ, "ಸೋರೋಕೆ ಮಳೆ ಎಲ್ಲಿದೆ ಕಾಂಗ್, ನಿಮಗೇನು ಬಿಸಿಲು ತಲೆಗೇರಿದ್ಯಾ?" ಎಂದು ನಕ್ಕರು. ಅವರು ನಗಲಿಲ್ಲ. ಸುಮ್ಮನೆ ರೇಡಿಯೋ ಆರಿಸಿದರು.

ಇನ್ನೊಂದು ಮನೆ ಮಾಡಿಕೊಂಡವನ ದನಿ ಹಾಗಿರುತ್ತದೆಯೇ? ನನಗೆ ಕೂತಲ್ಲಿ ಕೂರಲಾಗಲಿಲ್ಲ. ವಸ್ದುಲ್ ಮಾಂಗ್ ಹತ್ತಿರ ಹೋದೆ, ಯಾರ ಹೆಸರೂ ಹೇಳದೆ, ದನಿಯನ್ನು ಸರಿಯಾಗಿ ಹಿಡಿಯುವುದು ಹೇಗೆಂದು ಕೇಳಿದೆ. "ದೋಣಿ ರೇಡಿಯೋದಲ್ಲಿ ದನಿಗೆ ಸ್ವಂತ ಮೈ ಇರಲ್ಲ ಪುಟ್ಟಿ," ಅಂದರು. "ನೀನು ಎಲ್ಲಿ ನಿಲ್ಲಿಸ್ತೀಯೋ ಹಾಗೆ ದಪ್ಪ, ತೆಳ್ಳಗೆ. ಅದಕ್ಕೇ ದನಿ ನೋಡ್ಕೊಂಡು ತಿರುಗಿಸಬಾರದು, ನಿಂಗೆ ಯಾರು ಬೇಕೋ ಅವರೇ ಸಿಕ್ಬಿಡ್ತಾರೆ. ಹಿಂದೆ ಎಲ್ಲಾದ್ರೂ ಹಾಡು ಇದ್ಯಾ ನೋಡು. ಹಾಡು ಸರಿಹೋಗೋವರೆಗೂ ತಿರುಗಿಸು, ಅಲ್ಲಿಗೆ ಬಿಡು."

ಓಡಿ ಬಂದೆ. ನಮ್ಮ ಈ ಡಬ್ಬಿಯ ರೆಕಾರ್ಡಿಂಗ್ ಬರೀ ದನಿಯನ್ನಲ್ಲ, ಆ ಇಡೀ ಬೀದಿಯನ್ನೇ ಹಿಡಿದಿಟ್ಟಿರುತ್ತದೆ. ಮತ್ತೆ ತೆರೆದರೆ ಆ ಸಂಜೆಯೊಳಗೇ ಹೋಗಿ ಹೊಸದಾಗಿ ತಿರುಗಿಸಬಹುದು. ಆ ದನಿಯ ಹಿಂದೆ, ದೋಣಿಯ ಕೋಣೆಯಲ್ಲಿ, ಯಾವುದೋ ಟಾರ್ಲಿಂಗ್ ಹಾಡು, ನಮ್ಮ ಕಡೆಯ ಗಿಟಾರು-ಕೊಳಲಿನ ಹಾಡು, ಸಣ್ಣಗೆ ಓಡುತ್ತಿತ್ತು. ನಾನು ನಿಲ್ಲಿಸಿದ್ದ ಜಾಗದಲ್ಲಿ ಅದರ ಗಿಟಾರು ಒಡೆದ ತಟ್ಟೆಯ ಹಾಗೆ ಕೇಳುತ್ತಿತ್ತು. ಅವತ್ತು ಅದು ನನ್ನ ಕಿವಿಗೇ ಬಿದ್ದಿರಲಿಲ್ಲ. ಕೂದಲೆಳೆಯಷ್ಟು ತಿರುಗಿಸಿದೆ. ಮತ್ತೆ ಅಷ್ಟು. ಕೊಳಲು ಕೊಳಲಾಯಿತು. ಹಾಡುವವಳು ಹೆಂಗಸಾದಳು. ಕೈ ತೆಗೆದು ದನಿಯನ್ನು ಕೇಳಿದೆ.

ಕೇಳಿದರೂ ನಂಬಲಿಲ್ಲ. ನಾನು ಹೆಡ್‌ಫೋನ್ ಎಸೆದ ಮೇಲೂ ರೆಕಾರ್ಡಿಂಗ್ ಏಳು ನಿಮಿಷ ಓಡಿತ್ತು. ಅದನ್ನು ಪೂರ್ತಿ ಕೇಳಿದೆ. ಇನ್ನೊಬ್ಬ ಕೇಳುತ್ತಾನೆ, "ಕರಂಗ್‌ಸೋಂಗ್ ಮನೆ ಹೆಂಗಿದೆ ಕಾಂಗ್?" ಆ ದನಿ ಹೇಳುತ್ತದೆ, "ಏನಿರುತ್ತೆ? ನಮ್ಮ ರುಮಿನಿ ಡಿಗ್ರಿ ಮಾಡ್ಕೊಂಡು ಬಂದವ್ಳೆ. ಗೋಡೆ ತುಂಬ ಪುಸ್ತಕ. ಬಾಯಿಂದ ಒಂದು ಮಾತು ಉದುರಲ್ಲ." ಇನ್ನೊಬ್ಬ ನಗುತ್ತಾನೆ, "ಒಳ್ಳೇದೇ ಆಯ್ತು ಬಿಡು, ಗುಟ್ಟು ಹೊರಗೆ ಹೋಗಲ್ಲ."

ಯಾಯು, ಅದು ನಮ್ಮ ಬಾಪಾ.

ಆರು ತಿಂಗಳಿಂದ ನಾನು ಹುಡುಕುತ್ತಿದ್ದ ದನಿ ಕೈಗೆ ಸಿಕ್ಕಿತ್ತು. ನಾನೇ ಅದನ್ನು ತಿರುಗಿಸಿ ನಿಮ್ಮ ಗಂಡನದಾಗಿ ಮಾಡಿ, ನಿಮ್ಮ ಮನೆಗೆ ಹೊತ್ತು ತಂದೆ. ತಿಳಿಯದೆ ಆದದ್ದು ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದೆ, ಆಗಲಿಲ್ಲ. ಇನ್ನೂ ಒಂದು ಹೇಳಿಬಿಡುತ್ತೇನೆ. ಮೊನ್ನೆ ಇದು ತಿಳಿದ ಮೇಲೆ ಒಂದು ಇಡೀ ದಿನ ನಾನು ಸುಮ್ಮನಿದ್ದೆ. ನಿಮಗೆ ನಿಜ ಹೇಳಿದರೆ ಅದು ಯಾರೆಂದು ನೀವು ಕೇಳುತ್ತೀರಿ. ಹೇಳಿದರೆ ಮಿಮಿಗೆ ತಿಳಿಯುತ್ತದೆ. ನೀವು ಹೋಗಿಬಿಟ್ಟರೆ ನಮ್ಮ ಮನೆ ಹೀಗೇ ಉಳಿಯುತ್ತದೆ ಎಂದು ನನ್ನ ಮನಸ್ಸು ಲೆಕ್ಕ ಹಾಕಿತು. ಒಂದು ದಿನ ಪೂರ್ತಿ ಹಾಗೆ ಯೋಚಿಸಿದ್ದೇನೆ.

ಇಲ್ಲಿಯವರೆಗೆ ಬರೆದು, ಎದ್ದು ಹೋಗಿ, ಇದನ್ನು ಮಿಮಿಗೆ ಓದಿ ಹೇಳಿದೆ. ಅವಳು ಹಿತ್ತಲಲ್ಲಿ ಮೊರದ ತುಂಬ ಒಣಸೀಗಡಿ ಹಾಕಿಕೊಂಡು ಆರಿಸುತ್ತಿದ್ದಳು. ನಾನು ಇಷ್ಟು ಉದ್ದಕ್ಕೆ ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲವೇನೋ. ಬಾಪಾ ಎಂದು ಓದಿದಾಗಲೂ ಅವಳ ಕೈ ನಿಲ್ಲಲಿಲ್ಲ. ಆದರೆ ಒಳ್ಳೆಯದನ್ನೂ ಕೊಳೆತದ್ದನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದಳು.

ಓದಿ ಮುಗಿದ ಮೇಲೆ ಕೇಳಿದಳು, "ಮಗು ಹೆಣ್ಣೋ ಗಂಡೋ?"

ಗೊತ್ತಿಲ್ಲ ಅಂದೆ.

"ಬೆಕಾಸಿಗೆ ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆ?"

ಕಾಗದವನ್ನು ನಿಮ್ಮ ತಂಗಿಯ ಕೈಯಲ್ಲಿ ಕಳಿಸುತ್ತೇನೆಂದೆ. ಮಿಮಿ ತಲೆಯೆತ್ತಿದಳು. "ಕೆಡಿಸೋವಾಗ ಅವಳ ಅಂಗಡಿಗೇ ಹೋಗಿ ಎದುರು ಕೂತಿದ್ದೆ. ಈಗ ಕಾಗದ ಕಳಿಸ್ತೀಯಾ? ನಿಮ್ಮ ಬಾಪಾನ ವಿಷಯ ನಾನು ನೋಡ್ಕೋತೀನಿ, ಅದಕ್ಕಿನ್ನೂ ದಿನ ಇದೆ. ಆ ಹುಡುಗಿಗೆ ಇರೋದು ನಾಳೆ ಒಂದೇ ದಿನ. ಏಳು, ಅವಳ ಮಗಳನ್ನೂ ಕರ್ಕೊಂಡು ಹೋಗೋಣ."

ಆದ್ದರಿಂದ ಈ ಕಾಗದವನ್ನು ನಾನೇ ತರುತ್ತಿದ್ದೇನೆ. ನಿಮ್ಮ ಮುಖ ಕಂಡರೆ ನನ್ನ ಬಾಯಿ ಕಟ್ಟುತ್ತದೆ, ಅದು ನನಗೆ ಗೊತ್ತು, ಅದಕ್ಕೆ ಕೈಗೆ ಕೊಡುತ್ತೇನೆ. ಲ್ಯಾಪ್‌ಟಾಪೂ ಜೊತೆಗಿದೆ. ನೀವೇ ಕೂತು ತಿರುಗಿಸಿ ಕೇಳಿ. ನಾನು ಮುಟ್ಟುವುದಿಲ್ಲ. ಹತ್ತು ವರ್ಷ ಜೊತೆಗೆ ಬಾಳಿದ ದನಿಯನ್ನು ನೀವು ನನ್ನ ಕಿವಿಯಿಂದ ನಂಬುವುದು ಬೇಡ.

ಎಲ್ಲ ಕೇಳಿದ ಮೇಲೂ ತೈವಾನಿಗೆ ಹೋಗಬೇಕೆನಿಸಿದರೆ ಹೋಗಿ ಯಾಯು, ಅದು ನಿಮ್ಮ ಇಷ್ಟ. ನನ್ನ ಒಂದು ಹೂಂ ಕಾರಣಕ್ಕೆ ಮಾತ್ರ ಹೋಗಬೇಡಿ. ಬೈಯಬೇಕೆನಿಸಿದರೆ ಹೊರಗೆ ಬಂದು ಬೈಯಿರಿ. ನೀವು ಓದಿ ಮುಗಿಸುವವರೆಗೂ ನಾವು ಮೂವರೂ ಅಲ್ಲೇ ಇರುತ್ತೇವೆ.

ನೀವು ಯಾವ ದಡದಲ್ಲಿದ್ದರೂ ನಿಮ್ಮ ಮನೆ ತಣ್ಣಗಿರಲಿ.

ಗೇಟಿನ ಹೊರಗೆ ನಿಂತಿರುವ,
ರುಮಿನಿ